ಚಿಗರಿಯ ಎಂಜಲು

ಯಾರಾದರೂ ಒಬ್ಬ ಹುಡುಗಿಯನ್ನು ಚಿಗರಿಗಣ್ಣಿನವಳು ಎಂದು ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ಹೊಗಳುವವರು ಚಿಗರಿಯನ್ನು ಚಿತ್ರದಲ್ಲಿ ನೋಡಿದವರು. ನಾನು ಅದರ ಕಣ್ಣನ್ನು ಮೂರು ಮಾರು ದೂರದಿಂದ ನೋಡಿದವಳು. ಬಾಯಿತುಂಬ ನನ್ನ ಮೆಂತೆಪಲ್ಲೆ ಇಟ್ಟುಕೊಂಡು, ದವಡೆ ಆಡಿಸುತ್ತ, ನೀನ್ಯಾರು, ಇಲ್ಲಿ ನಿನ್ನದೇನು ಕೆಲಸ ಎನ್ನುವ ಹಾಗೆ ನನ್ನನ್ನೇ ದಿಟ್ಟಿಸುವ ಕಣ್ಣು ಅದು. ನಾಚಿಕೆ ಅನ್ನುವುದು ಅದರಲ್ಲಿ ಎಳ್ಳಷ್ಟೂ ಇಲ್ಲ. ಪೇಟೆಯವರು ಅದನ್ನು ಜಿಂಕೆ ಅನ್ನುತ್ತಾರೆ. ಅನ್ನಲಿ. ಹೆಸರು ಬದಲಿಸಿದರೆ ಅದರ ಹೊಟ್ಟೆಯೇನೂ ಸಣ್ಣದಾಗುವುದಿಲ್ಲ.

ನನ್ನನ್ನು ಯಲಬುರ್ಗಾ ತಾಲೂಕಿನ ಒಂದು ಊರಿಗೆ ಕೊಟ್ಟಾಗ ನನಗೆ ಹದಿನೆಂಟು ತುಂಬಿತ್ತು. ಇನ್ನೂ ನಿಜಾಮರ ಕಾಲ. ಮುನಿರಾಬಾದಿನ ಹತ್ತಿರ ಹೊಳೆಗೆ ಆಣೆಕಟ್ಟು ಕಟ್ಟುತ್ತಾರಂತೆ ಅನ್ನುವುದು ಕಟ್ಟೆಯ ಮೇಲೆ ಕೂತವರ ಮಾತಾಗಿತ್ತೇ ಹೊರತು ಒಂದು ಕಲ್ಲೂ ಬಿದ್ದಿರಲಿಲ್ಲ. ನನ್ನ ತವರು ಗಂಗಾವತಿಯ ಕಡೆ, ಹೊಳೆದಂಡೆಯ ಊರು. ಅಲ್ಲಿ ಹಳೆಯ ರಾಜರ ಕಾಲದ ಕಾಲುವೆ ಇತ್ತು, ಹಿತ್ತಲಿಗೆ ಸದಾ ನೀರಿತ್ತು. ಕೈಯಿಂದ ಜಾರಿ ಬಿದ್ದ ಬೀಜವೂ ಅಲ್ಲಿ ಚಿಗುರುತ್ತಿತ್ತು. ಗಂಡನ ಊರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರೆ ಹೊಲ, ಅದರ ಮೇಲೆ ಆಕಾಶ. ಎರಡರ ನಡುವೆ ಮರ ಅನ್ನುವುದು ಹುಡುಕಿದರೆ ಸಿಗುವಂಥದ್ದು. ಆ ಬಯಲಿನಲ್ಲಿ ಚಿಗರಿಗಳು ಇಪ್ಪತ್ತು ಇಪ್ಪತ್ತೈದರ ಹಿಂಡು ಕಟ್ಟಿಕೊಂಡು, ಊರು ತಮ್ಮದೇ ಅನ್ನುವ ಹಾಗೆ ತಿರುಗುತ್ತಿದ್ದವು.

ನಾನು ಗಂಡನ ಮನೆಗೆ ಹೊರಡುವ ದಿನ ಅವ್ವ ಉಡಿ ತುಂಬಿದಳು. ಅಕ್ಕಿ, ಉತ್ತತ್ತಿ, ಬೆಲ್ಲ, ಅರಿಷಿಣದ ಕೊಂಬು, ಎಲ್ಲರೂ ಹಾಕುವಂಥದ್ದೇ. ಎಲ್ಲದರ ಮೇಲೆ ಅಂಗೈ ಅಗಲದ ಒಂದು ಒಣ ಕುಳ್ಳು ಇಟ್ಟಳು. ನೆರೆದ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಮಗಳ ಕೂಡ ಒಲಿ ಉರುವಲಾನೂ ಕಳಸ್ತೀಯೇನ?" ಎಂದು ಚಿಗವ್ವ ಚುಡಾಯಿಸಿದಳು.

ಅವ್ವ ನಗಲಿಲ್ಲ. ಆ ಕುಳ್ಳಿನ ಹೊಟ್ಟೆಯಲ್ಲಿ ಸೌತೆಯ ಬೀಜಗಳಿದ್ದವು. ನಮ್ಮ ಕಡೆ ಹೆಂಗಸರು ಸೌತೆ, ಹೀರೆ, ಕುಂಬಳದ ಬೀಜವನ್ನು ಹಾಗೇ ಕಾಯುತ್ತಿದ್ದೆವು. ಹಸಿ ಸಗಣಿಯನ್ನು ತಟ್ಟಿ ಅದರಲ್ಲಿ ಬೀಜ ಒತ್ತಿ ಬಿಸಿಲಿನ ಗೋಡೆಗೆ ಬಡಿದರೆ ಒಣಗಿ ಕಲ್ಲಾಗುತ್ತದೆ. ಹುಳ ಮುಟ್ಟುವುದಿಲ್ಲ, ಇಲಿ ಮೂಸುವುದಿಲ್ಲ. ಮಳೆ ಬಿದ್ದ ಮೇಲೆ ಮುರಿದು, ಬೀಜ ಬಿಡಿಸಿ ಊರಿದರಾಯಿತು. ಅವ್ವ ನನ್ನ ಸೆರಗಿನ ಗಂಟು ಬಿಗಿಯುತ್ತ ಹೇಳಿದ್ದು ಒಂದೇ ಮಾತು.

"ಇದು ನಮ್ಮವ್ವನ ಕೈಯಾಗಿಂದ ನನ್ನ ಕೈಗೆ ಬಂದದ್ದು. ಕಳಕೋಬ್ಯಾಡ."

ಆ ಸೌತೆಯ ಕಾಯಿ ತೀರ ಉದ್ದವೂ ಅಲ್ಲ, ದುಂಡೂ ಅಲ್ಲ. ತಿಳಿಹಸಿರು ಮೈ, ಅದರ ಮೇಲೆ ಬೆರಳಲ್ಲಿ ಸುಣ್ಣ ಎಳೆದಂಥ ಬಿಳಿ ಗೀರು. ತೊಟ್ಟಿನ ತನಕ ಕಚ್ಚಿದರೂ ಕಹಿ ಅನ್ನುವುದಿಲ್ಲ. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಪಕ್ಕಕ್ಕೆ ಆ ಸೌತೆಯ ಎರಡು ಹೋಳು ಇದ್ದರೆ ಬೇರೆ ಪಲ್ಲೆ ಬೇಡ.

ಮದುವೆಯಾದ ಎರಡನೇ ವರ್ಷ ಅವ್ವ ಜ್ವರದಲ್ಲಿ ಹೋದಳು. ಸುದ್ದಿ ಯಲಬುರ್ಗಾ ಸಂತೆಗೆ ಬಂದವರ ಬಾಯಿಂದ ನಮಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ನಾನು ಮುಖ ನೋಡಲಿಲ್ಲ. ದಿನಕರ್ಮಕ್ಕೆಂದು ಹೋದಾಗ ಅಣ್ಣ ಹಿತ್ತಲನ್ನು ಅಗೆಸಿ ದನದ ಕೊಟ್ಟಿಗೆಗೆ ಪಾಯ ಹಾಕಿಸುತ್ತಿದ್ದ. ಅವ್ವನ ಗೋಡೆಯ ಕುಳ್ಳುಗಳೆಲ್ಲ ಒಲೆಗೆ ಹೋಗಿದ್ದವು. ಕೇಳಿದರೆ, "ಎರಡು ದುಡ್ಡಿಗೆ ಸಂತ್ಯಾಗ ಸಿಗತೈತಿ, ಸವತಿ ಬೀಜಕ್ಕ ಯಾಕ ಅಳತಿ?" ಅಂದ. ಬೀಜಕ್ಕೆ ಅಳುತ್ತಿದ್ದೇನೆ ಎಂದು ತಿಳಿದಿದ್ದ ಮನುಷ್ಯನಿಗೆ ಏನು ಹೇಳುವುದು? ಅಂದಿನಿಂದ ಆ ಬೀಜ ಭೂಮಿಯ ಮೇಲೆ ಉಳಿದದ್ದು ನನ್ನ ಹಿತ್ತಲಿನಲ್ಲಿ ಮಾತ್ರ. ಅವ್ವನದು ಅಂತ ನನ್ನ ಬಳಿ ಇದ್ದದ್ದೂ ಅದೊಂದೇ.

ಹಿತ್ತಲು ಎಂದರೆ ದೊಡ್ಡದೇನಲ್ಲ. ಮನೆಯ ಹಿಂದೆ ನಾಲ್ಕು ಮಡಿ ಜಾಗ. ಒಂದು ಪಕ್ಕ ಮಣ್ಣಿನ ಗೋಡೆ, ಆಚೆ ಬೇವಿನ ಗಿಡ, ಉಳಿದ ಕಡೆ ಸೊಂಟದೆತ್ತರದ ಕಲ್ಲಿನ ಒಡ್ಡು. ಬಚ್ಚಲ ನೀರು ಮೆಂತೆಗೆ, ರಾಜಗಿರಿ ಸೊಪ್ಪಿಗೆ. ಸೌತೆ, ಬದನೆ, ಮೆಣಸಿನ ಗಿಡಕ್ಕೆ ಊರ ಬಾವಿಯಿಂದ ತಲೆಯ ಮೇಲೆ ಹೊತ್ತ ನೀರು. ಅತ್ತೆಗೆ ನನ್ನ ಈ ಹುಚ್ಚು ತಮಾಷೆಯಾಗಿ ಕಾಣುತ್ತಿತ್ತು.

"ನೀರಿನ ದೇಶದಾಕಿ ಬಂದಾಳ ನೋಡ್ರಿ, ಬಯಲಾಗ ಹೊಳಿ ಹರಸ್ತಾಳ!" ಎಂದು ಬಂದವರೆದುರು ಹೇಳಿ ನಗುತ್ತಿದ್ದಳು. ಪಲ್ಲೆ ಬಡಿಸಿದಾಗ ಮಾತ್ರ ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದಳು.

ಮೂರನೇ ಮಳೆಗಾಲದಲ್ಲಿ ಚಿಗರಿಗಳಿಗೆ ನನ್ನ ಹಿತ್ತಲಿನ ದಾರಿ ಗೊತ್ತಾಯಿತು. ನಸುಕಿನಲ್ಲಿ ಕಸ ಹೊಡೆಯಲು ಹಿಂಬಾಗಿಲು ತೆಗೆದರೆ ಮೆಂತೆಯ ಮಡಿಯಲ್ಲಿ ಐದಾರು ನಿಂತಿದ್ದವು. ಅದರಲ್ಲೊಂದು ಕಪ್ಪು ಹೋರಿ, ಅಂದರೆ ಗಂಡು ಚಿಗರಿ, ಹಗ್ಗ ಹೊಸೆದಂಥ ಕೊಂಬು. ನಾನು ಕಸಬರಿಗೆ ಬೀಸಿ ಕೂಗಿದೆ. ಅವು ಓಡಲೂ ಇಲ್ಲ. ಒಂದು ಜಿಗಿತಕ್ಕೆ ಒಡ್ಡು ದಾಟಿ, ಹತ್ತು ಹೆಜ್ಜೆ ಹೋಗಿ, ಹೊರಳಿ ನಿಂತು ನೋಡಿದವು. ಇವಳ ಗದ್ದಲ ಮುಗಿದ ಮೇಲೆ ಮತ್ತೆ ಬರೋಣ ಎಂದು ಮಾತಾಡಿಕೊಂಡಂತಿತ್ತು.

ನಾನು ಮಾಡದ ಉಪಾಯವಿಲ್ಲ. ಗಂಡನ ಹಳೆಯ ಅಂಗಿ, ರುಮಾಲು ತೊಡಿಸಿ ಬೆದರುಗೊಂಬೆ ನಿಲ್ಲಿಸಿದೆ. ಮೂರನೆಯ ದಿನ ಕಪ್ಪು ಹೋರಿ ಅದಕ್ಕೆ ಕುತ್ತಿಗೆ ತಿಕ್ಕಿಕೊಳ್ಳುತ್ತಿತ್ತು. ಗ್ಯಾಸಲೆಣ್ಣೆಯ ಖಾಲಿ ಡಬ್ಬಿ ಬಡಿದೆ. ಚಿಗರಿ ಹೋಗಲಿಲ್ಲ, ಅತ್ತೆ ಎದ್ದಳು. ನಾಯಿ ಸಾಕಿದೆ. ಅದು ಮನೆಗೆ ಬಂದ ಬೀಗರನ್ನೆಲ್ಲ ಬೊಗಳಿ ಓಡಿಸಿತು, ಚಿಗರಿ ಬಂದಾಗ ಕಿವಿ ಅಲುಗಿಸಿ ಮಗ್ಗುಲು ಹೊರಳಿತು. ಗಂಡನಿಗೆ ಹೇಳಿದೆ.

"ಮೂಕ ಪ್ರಾಣಿ. ಎರಡು ಎಲಿ ತಿಂದ್ರ ಏನಾತು?" ಅಂದರು.

"ನಿಮ್ಮ ಜ್ವಾಳದ ಹೊಲಕ್ಕ ಬಿದ್ದಾಗ ಕವಣಿ ಯಾಕ ಬೀಸತೀರಿ? ಅಲ್ಲಿ ಅದಕ್ಕ ಬಾಯಿ ಬರತೈತೇನು?" ಎಂದೆ.

ಅವರು ಎದ್ದು ಹೊಲಕ್ಕೆ ಹೋದರು. ಹೊಲದ್ದು ಬೆಳೆ, ಹಿತ್ತಲಿನದು ಹೆಂಗಸರ ಆಟ. ಆ ಮನೆಯಲ್ಲಷ್ಟೇ ಅಲ್ಲ, ಊರಿನಲ್ಲೆಲ್ಲ ನಡೆದ ಲೆಕ್ಕಾಚಾರ ಅದು. ಆ ಸಿಟ್ಟಿಗೆ ನಾನು ಅಂದು ರೊಟ್ಟಿಯನ್ನು ಎಷ್ಟು ಜೋರಾಗಿ ತಟ್ಟಿದೆನೆಂದರೆ ಹಿಟ್ಟು ನಾದುವ ಮರದ ಕೊಣಮಿಗೆಯೇ ಸೀಳುಬಿಟ್ಟಿತು.

ಕೊನೆಗೆ ದಾರಿ ತೋರಿಸಿದವಳು ಹಿತ್ತಲಿನಾಚೆ ಗುಡಿಸಲಿನಲ್ಲಿದ್ದ ಕೂಲಿಯ ಹೆಂಗಸು. ನನ್ನದೇ ವಯಸ್ಸು. ಗಂಡ ಹೆಂಡತಿ ಇಬ್ಬರೂ ಅವರಿವರ ಹೊಲದಲ್ಲಿ ದುಡಿಯುತ್ತಿದ್ದರು. ನಾನು ಒಡ್ಡಿನ ಮೇಲೆ ಇನ್ನಷ್ಟು ಕಲ್ಲು ಪೇರಿಸುವುದನ್ನು ಒಂದು ದಿನ ನೋಡುತ್ತ ನಿಂತಳು.

"ಎತ್ತರ ಮಾಡಿ ಏನು ಮಾಡ್ತೀರಿ ಅವ್ವಾರ? ಚಿಗರಿ ಎತ್ತರಕ್ಕ ಅಂಜಂಗಿಲ್ಲ, ಅಗಲಕ್ಕ ಅಂಜತೈತಿ. ಕಾಲೂರಾಕ ಎಲ್ಲಿ ನೆಲಾ ಸಿಗತೈತಿ ಅನ್ನೂದು ಗೊತ್ತಾಗದಿದ್ರ ಜಿಗಿಯಂಗಿಲ್ಲ" ಎಂದಳು.

ಮರುದಿನದಿಂದ ಹಳ್ಳದ ಜಾಲಿ, ಬಾರಿಯ ಮುಳ್ಳು ಕಡಿದು ತಲೆಹೊರೆ ತಂದಳು. ಒಡ್ಡಿನ ಹೊರಗೆ ಒಂದು ಸಾಲು, ಒಂದು ಮಾರು ಜಾಗ ಬಿಟ್ಟು ಇನ್ನೊಂದು ಸಾಲು. ಬುಡ ಒಳಗೆ, ತುದಿ ಹೊರಗೆ, ಒಂದರೊಳಗೆ ಒಂದು ಸಿಕ್ಕಿಸುತ್ತ ಹೋದಳು. ಆಕೆಯ ಕೈ ರಕ್ತವಾಗುವುದನ್ನು ನೋಡಿ ನಾನು ಎಣ್ಣೆ ಕೊಟ್ಟೆ. ಐದು ದಿನದಲ್ಲಿ ಬೇಲಿ ಮುಗಿಯಿತು. ಆರನೆಯ ದಿನ ನಸುಕಿನಲ್ಲಿ ಹಿಂಡು ಬಂದು, ಬೇಲಿಯುದ್ದಕ್ಕೂ ಓಡಾಡಿ, ಕಪ್ಪು ಹೋರಿ ಮೂಗು ಚಾಚಿ ಮುಳ್ಳು ಮೂಸಿ, ಸೀನಿ, ಹಿಂದೆ ಹೋಯಿತು. ನಾನು ಹಿಂಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ನಕ್ಕೆ.

ಕೂಲಿಯ ಜೋಳ ಅಳೆಯುವಾಗ ಆಕೆ ಸೆರಗು ಒಡ್ಡಿಕೊಂಡೇ ಕೇಳಿದಳು.

"ಒಂದು ಸೇರು ಕಡಿಮಿ ಹಾಕ್ರಿ ಅವ್ವಾರ. ಅದರ ಬದಲಿ ಆ ಸವತೀದು ನಾಕು ಬೀಜ ಕೊಡ್ರಿ. ಗುಡಸಲ ಮ್ಯಾಲ ಹಬ್ಬಸ್ತೀನಿ."

"ಬೀಜ ಇನ್ನೂ ಬಲತಿಲ್ಲ" ಎಂದೆ.

"ಬಲತ ಮ್ಯಾಲ ಕೊಡ್ರಿ."

"ನೋಡೋಣ" ಎಂದೆ. ಕೊಡುವುದಿಲ್ಲ ಎಂಬುದು ನನ್ನ ದನಿಯಲ್ಲೇ ಇತ್ತು. ಆಕೆಗೂ ಅದು ತಿಳಿಯಿತು. ಆಮೇಲೆ ಇನ್ನೆರಡು ಸಲ ಕೇಳಿದಳು, ಎರಡು ಸಲವೂ ಹಾಗೇ ಸಾಗಹಾಕಿದೆ. ಅವ್ವನದು ಎಲ್ಲರ ಗುಡಿಸಲಿನ ಮೇಲೂ ಬೆಳೆದರೆ ಅದು ನನ್ನದು ಹೇಗಾದೀತು? ಹೀಗಿತ್ತು ನನ್ನ ಬುದ್ಧಿ. ಕಳೆದುಕೊಳ್ಳಬೇಡ ಎಂದಿದ್ದಳು ಅವ್ವ. ಕೊಡಬೇಡ ಎಂದು ಆಕೆ ಹೇಳಿರಲಿಲ್ಲ. ಅದನ್ನು ನಾನೇ ಸೇರಿಸಿಕೊಂಡಿದ್ದೆ.

ಆ ವರ್ಷ ಹಳೆಯ ಬೀಜವನ್ನೆಲ್ಲ ಒಂದೂ ಬಿಡದೆ ಊರಿದ್ದೆ. ಬಳ್ಳಿ ಭರ್ಜರಿಯಾಗಿ ಬಂತು. ಬೀಜಕ್ಕೆಂದು ಎರಡು ಕಾಯಿ ಬಿಟ್ಟು, ಯಾರೂ ಕೀಳದಿರಲೆಂದು ತೊಟ್ಟಿಗೆ ನನ್ನ ಹಳೆಯ ಹಸಿರು ಸೀರೆಯ ಅಂಚಿನ ಚಿಂದಿ ಕಟ್ಟಿದೆ. ಆ ಸೀರೆ ಮದುವೆಯಲ್ಲಿ ಅವ್ವ ಉಡಿಸಿದ್ದು, ಅಂಚಿನಲ್ಲಿ ಕೆಂಪು ಎಳೆ. ಮಹಾನವಮಿಯ ಹೊತ್ತಿಗೆ ಮೊದಲನೆಯ ಕಾಯಿ ಹಣ್ಣಾಗಿ ಅರಿಷಿಣದ ಬಣ್ಣಕ್ಕೆ ತಿರುಗಿತು. ಕೊಯ್ದು, ಬೀಜ ತೊಳೆದು, ಸಗಣಿಯಲ್ಲಿ ಒತ್ತಿ ಹಿತ್ತಲಿನ ಗೋಡೆಗೆ ಬಡಿದೆ. ಆ ಗೋಡೆಗೆ ಒಳ್ಳೆಯ ಬಿಸಿಲು, ಅದಕ್ಕೇ ಉರುವಲಿನ ಕುಳ್ಳುಗಳೂ ಅಲ್ಲೇ ಒಣಗುತ್ತಿದ್ದವು. ಗುರುತಿಗೆ ಬೀಜದ ಕುಳ್ಳಿನ ಮೇಲೆ ಸುಣ್ಣದ ಬೊಟ್ಟು ಇಟ್ಟೆ. ಎರಡನೆಯ ಕಾಯಿ ಇನ್ನೂ ಬಳ್ಳಿಯಲ್ಲಿತ್ತು.

ಶೀಗಿ ಹುಣ್ಣಿಮೆ ಕಳೆದ ಮೇಲಿನ ವಾರ ವಾಲೀಕಾರ ಬಂದ. ಗೌಡರ ಮನೆಯ ಹೇಳಿಕೆ ಊರಿಗೆ ಸಾರುವವನು, ಅದನ್ನು ಹೇಳುವಾಗ ತಾನೇ ಗೌಡನಾಗಿಬಿಡುವವನು.

"ನಾಳಿಲ್ಲ ನಾಡದು ದೊಡ್ಡ ಸಾಹೇಬರು ಶಿಕಾರಿಗೆ ಬರ್ತಾರ. ಚಿಗರಿ ಹಿಂಡು ಯಾರೂ ಬೆದರಸಬಾರದು ಅಂತ ಹುಕುಂ ಆಗೈತಿ. ಮತ್ತ ಸಾಹೇಬರ ಮೋಟರು ಈ ಬೇವಿನ ಗಿಡದ ನೆಳ್ಳಿಗೆ ನಿಂದ್ರತೈತಿ. ಹೊರಗಿನ ಮುಳ್ಳು ತಗೀರಿ, ಗಾಲಿಗೆ ಚುಚ್ಚತೈತಿ."

"ಮೋಟರು ಬ್ಯಾರೆ ಕಡಿ ನಿಂದ್ರಸ್ರಿ. ಊರಾಗ ಇದೊಂದ ಗಿಡ ಐತೇನು?" ಎಂದು ನಾನು ಒಳಗಿನಿಂದಲೇ ಕೂಗಿದೆ.

ಅವನು ನನ್ನ ಗಂಡನ ಮುಖ ನೋಡಿದ. ಗಂಡ ಎದ್ದು, ಕವೆಗೋಲು ತಗೊಂಡು ಹೋಗಿ ಹೊರಸಾಲಿನ ಮುಳ್ಳನ್ನೆಲ್ಲ ತಾವೇ ಎಳೆದು ತಗ್ಗಿಗೆ ಹಾಕಿದರು. ಆ ಹೆಂಗಸು ಐದು ದಿನ ಕೈ ಹರಿದುಕೊಂಡು ಕಟ್ಟಿದ್ದು ಒಂದು ತಾಸಿನಲ್ಲಿ ಹೋಯಿತು. ರಬ್ಬರಿನ ನಾಲ್ಕು ಗಾಲಿಗೆ ನೋವಾಗಬಾರದು ಎಂದು! ನಾನು ಅಂದಷ್ಟು ಬೈಗಳನ್ನು ಈ ಹಾಳೆಯ ಮೇಲೆ ಬರೆಯಲಾರೆ. ಒಲೆಯ ಮುಂದೆ ಕೂತು ಬೈದೆ, ಒಲೆ ಕೇಳಿಸಿಕೊಂಡಿತು.

ಸಾಹೇಬರು ಬಂದರು, ಒಂದು ಹೋರಿಯನ್ನು ಹೊಡೆದರು, ಗೌಡರ ಮನೆಯಲ್ಲಿ ಉಂಡರು, ಹೊತ್ತು ಮುಳುಗುವ ಮೊದಲೇ ಕುಷ್ಟಗಿಯ ದಾರಿ ಹಿಡಿದರು. ಮೋಟರು ನಿಂತದ್ದು ಗೌಡರ ಅಂಗಳದಲ್ಲಿ. ನಮ್ಮ ಬೇವಿನ ಗಿಡದ ಕಡೆ ಯಾರೂ ತಿರುಗಿ ಸಹ ನೋಡಲಿಲ್ಲ.

ಹೊರಸಾಲನ್ನು ಮತ್ತೆ ಕಟ್ಟಿಸಬೇಕು ಎಂದುಕೊಳ್ಳುತ್ತಿರುವಾಗಲೇ ಮೂರನೆಯ ನಸುಕಿಗೆ ಹಿಂಡು ಬಂತು. ಒಂದೇ ಸಾಲು ಮುಳ್ಳು ಅವಕ್ಕೆ ಹೊಸ್ತಿಲಿನ ಸಮ. ನಾನು ಹಿಂಬಾಗಿಲು ತೆಗೆಯುವಷ್ಟರಲ್ಲಿ ಮೆಂತೆ ನೆಲಸಮವಾಗಿತ್ತು, ಬದನೆಯ ಕುಡಿಗಳು ಹೋಗಿದ್ದವು, ಸೌತೆಯ ಬಳ್ಳಿ ಬುಡದಿಂದ ಕಿತ್ತು ಬಂದಿತ್ತು. ಬೀಜಕ್ಕೆ ಬಿಟ್ಟ ಎರಡನೆಯ ಕಾಯಿಯ ಅರ್ಧ ಒಂದು ಹೆಣ್ಣು ಚಿಗರಿಯ ಬಾಯಲ್ಲಿತ್ತು. ಅದು ಅಲ್ಲೇ ನಿಂತು, ಅಗಿದು, ನುಂಗಿ, ನನ್ನನ್ನು ನೋಡಿತು. ಕಣ್ಣಿನ ಮಾತು ಮೊದಲೇ ಹೇಳಿದ್ದೇನೆ.

ಹಿಂಡು ಹೋದ ಮೇಲೆ ಉಳಿದ ಅರ್ಧ ಕಾಯಿ ಕೈಗೆತ್ತಿಕೊಂಡೆ. ಹಸಿರು ಚಿಂದಿ ತೊಟ್ಟಿನಲ್ಲಿ ಹಾಗೇ ಇತ್ತು. ಒಳಗೆ ಬೀಜ ಬಲಿತು ಬೆಳ್ಳಗೆ ಸಾಲಾಗಿ ಕೂತಿದ್ದವು. ಅತ್ತೆ ಬಾಗಿಲಲ್ಲಿ ನಿಂತು ಹೇಳಿದಳು.

"ಒಗಿ ಅದನ್ನ. ಪ್ರಾಣಿ ಎಂಜಲ ಮಾಡಿದ ಕಾಯಿ ಬೀಜಕ್ಕ ಬರಂಗಿಲ್ಲ. ಬಿತ್ತಿದ್ರ ಬಳ್ಳಿ ಕಾಯಿ ಹಿಡಿಯಂಗಿಲ್ಲ, ಹಿಡಿದ್ರ ಕಹಿ."

ನಮ್ಮ ತವರಿನಲ್ಲೂ ಹಾಗೇ ಅನ್ನುತ್ತಿದ್ದರು. ಬೀಜದ ಕಾಯಿಯನ್ನು ಹಸಿದವರ ಕಣ್ಣಿಗೂ ತೋರಿಸುತ್ತಿರಲಿಲ್ಲ, ಇನ್ನು ಎಂಜಲೆಂದರೆ ಕೇಳುವುದೇನು? ಹೇಗೂ ಗೋಡೆಯ ಮೇಲೆ ಒಂದು ಕುಳ್ಳು ಇದೆಯಲ್ಲ ಎಂಬ ಧೈರ್ಯ ನನಗೆ. ಸಿಟ್ಟಿನ ಭರದಲ್ಲಿ ಆ ಕಾಯಿಯನ್ನು ಚಿಗರಿಗಳು ಹೋದ ದಿಕ್ಕಿಗೆ ಎತ್ತಿ ಒಗೆದೆ. ಒಡ್ಡಿನಾಚೆ ಎಲ್ಲೋ ಬಿತ್ತು.

ಮರುದಿನ ನಾನು ಮುಟ್ಟಾದೆ. ಮೂರು ದಿನ ಹೊರಗೆ ಕೂಡಬೇಕು, ಹಿತ್ತಲಿನಲ್ಲಂತೂ ಕಾಲಿಡಬಾರದು. ಮುಟ್ಟಿನವಳ ನೆರಳು ಬಿದ್ದರೆ ಕಾಯಿಪಲ್ಲೆ ಬಾಡುತ್ತದೆ ಎನ್ನುತ್ತಿದ್ದರು. ಚಿಗರಿಯ ಬಾಯಿಗೆ ಬಿದ್ದರೆ ಬಾಡುವುದಿಲ್ಲ, ನನ್ನ ನೆರಳಿಗೆ ಬಾಡುತ್ತದೆ! ತಲೆಬಾಗಿಲ ಕಟ್ಟೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತು, ಉಳಿದ ಬದನೆ, ಮೆಣಸಿನ ಗಿಡಕ್ಕೆ ಇನ್ನು ದಿಕ್ಕಿಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಎರಡನೆಯ ದಿನ ನಸುಕಿನಲ್ಲಿ ಮನೆಯ ಹಿಂದಿನಿಂದ ಹೊಗೆ ಎದ್ದಿತು. ಬೇವಿನ ಸೊಪ್ಪಿನ ಘಾಟು, ಒಣಮೆಣಸಿನ ತೊಟ್ಟಿನ ಘಾಟು. ಅತ್ತೆಯ ಕೆಮ್ಮು ಕೇಳಿಸಿತು. ಅತ್ತೆ ನನ್ನ ಹಿತ್ತಲಿಗಾಗಿ ನಸುಕಿನಲ್ಲಿ ಎದ್ದಿದ್ದಳು! ಮೂರು ವರ್ಷ ನಕ್ಕವಳು, ನಾನು ಹೊರಗೆ ಕೂತಿದ್ದೇನೆಂದು ತಾನೇ ಕುಳ್ಳು ಹೊತ್ತಿಸಿ ಹೊಗೆ ಹಾಕುತ್ತಿದ್ದಳು. ಚಿಗರಿ ಹೊಗೆಗೆ ಬರುವುದಿಲ್ಲವೆಂದು ಆಕೆ ತನ್ನ ಕಾಲದಲ್ಲಿ ಕಂಡಿದ್ದಳಂತೆ. ಗೋಡೆಯ ಮೇಲಿಂದ ಹೊಗೆ ಸುರುಳಿ ಸುರುಳಿಯಾಗಿ ಬಂದು ನನ್ನ ಮೂಗಿಗೆ ತಾಗಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆ ಮನೆಗೆ ಬಂದ ಮೇಲೆ ಇವರು ನನ್ನವರು ಎಂದು ಮೊದಲ ಸಲ ಅನ್ನಿಸಿದ್ದು ಆ ಹೊಗೆಯಲ್ಲಿ.

ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಹಿತ್ತಲಿಗೆ ಹೋದೆ. ಬದನೆ ಉಳಿದಿತ್ತು, ಮೆಣಸಿನ ಗಿಡ ಉಳಿದಿತ್ತು. ನಾಲ್ಕು ಮೂಲೆಗೆ ನಾಲ್ಕು ಬೂದಿಯ ಗುಡ್ಡೆ. ಗೋಡೆಯ ಕಡೆ ತಿರುಗಿದೆ. ಕೈಗೆಟುಕುವ ಸಾಲಿನ ಕುಳ್ಳುಗಳೆಲ್ಲ ಖಾಲಿ. ನನ್ನ ಕುಳ್ಳು ಇದ್ದ ಜಾಗದಲ್ಲಿ ದುಂಡಗಿನ ಒಂದು ಕಲೆ, ನನ್ನ ಐದು ಬೆರಳ ಗುರುತಿನ ಸಮೇತ.

ಬೂದಿಯಲ್ಲಿ ಕೈಯಾಡಿಸಿದೆ. ಮೂರನೆಯ ಗುಡ್ಡೆಯಲ್ಲಿ ಬೀಜ ಸಿಕ್ಕವು. ಕರ್ರಗೆ, ಮುಟ್ಟಿದರೆ ಪುಡಿ.

"ಯಾರು ತಗೊಂಡ್ರಿ ಸುಣ್ಣದ ಬೊಟ್ಟಿನ ಕುಳ್ಳು?" ಎಂದು ಕಿರುಚಿಕೊಂಡು ಒಳಗೆ ಬಂದೆ.

ಅತ್ತೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಮೊದಲು ಅವಳಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ ಮೊರ ಕೆಳಗಿಟ್ಟಳು.

"ಕುಳ್ಳು ಇರೂದು ಸುಡಾಕ ಅಲ್ಲೇನ ತಂಗಿ? ನನಗ ಬೊಟ್ಟು ಎಲ್ಲಿ ಕಾಣತೈತಿ, ಕಣ್ಣು ಮಂಜಾಗ್ಯಾವ. ಕೈಗೆ ಸಿಕ್ಕದ್ದು ಕಿತಕೊಂಡೆ."

"ನಿಮಗ ಯಾರು ಏಳ್ರಿ ಅಂದಿದ್ರು? ಮೂರು ವರ್ಷ ನಕ್ಕರಿ, ಇನ್ನ ಮೂರು ದಿನ ನಗಾಕ ಆಗಲಿಲ್ಲೇನು? ಚಿಗರಿ ಬದನಿ ತಿಂದ್ರ ತಿನ್ನಲಿ ಬಿಡಬೇಕಿತ್ತು! ನಮ್ಮವ್ವನ್ನ ಸುಟ್ಟು ಬದನಿ ಉಳಿಸೀರಿ!"

ಆ ಮಾತು ಆಡಬಾರದಿತ್ತು. ಆಡಿದೆ. ಅತ್ತೆ ಮತ್ತೆ ಮೊರ ಎತ್ತಿಕೊಂಡಳು, ಆದರೆ ಕೇರಲಿಲ್ಲ. ನಾನು ಹದಿನೈದು ದಿನ ಅವಳ ಜೊತೆ ಮಾತು ಬಿಟ್ಟೆ. ಗಂಡನ ಜೊತೆ ಇನ್ನೂ ಹೆಚ್ಚು ದಿನ, ಮುಳ್ಳು ಎಳೆದ ಕೈ ಅವರದು. ಒಡ್ಡಿನಾಚೆಗೆ ಹೋಗಿ ನಾನು ಒಗೆದ ಅರ್ಧ ಕಾಯಿಯನ್ನೂ ಹುಡುಕಿದೆ. ಎಂಜಲಾದರೆ ಆಗಲಿ, ಕಹಿಯಾದರೆ ಆಗಲಿ ಎಂದು ಮುಳ್ಳಿನ ತಗ್ಗಿನಲ್ಲಿ ಮೊಣಕಾಲೂರಿ ಹುಡುಕಿದೆ. ಇರಲಿಲ್ಲ. ಅದನ್ನೂ ಚಿಗರಿಯೇ ತಿಂದಿತೆಂದು ಆ ಕುಲವನ್ನು ಏಳು ತಲೆಮಾರಿನ ತನಕ ಶಪಿಸಿದೆ.

ಗಂಗಾವತಿಗೆ ಭತ್ತ ತರಲು ಗಾಡಿ ಕಟ್ಟಿಕೊಂಡು ಹೋಗುವವರ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದೆ. ಆತ ಸಂತೆಯ ಬೀಜ ಕಳಿಸಿದ. ಮುಂದಿನ ಮಳೆಗೆ ಅದನ್ನೇ ಊರಿದೆ. ಬಳ್ಳಿ ಬಂತು, ಕಾಯಿಯೂ ಬಂತು. ಮೊದಲ ಕಾಯಿ ಕಚ್ಚಿದರೆ ನಾಲಗೆಯೆಲ್ಲ ಕಹಿ. ಬೇಲಿಯನ್ನೇನೋ ಎರಡು ಸಾಲಾಗಿ ಮತ್ತೆ ಕಟ್ಟಿಸಿದ್ದೆ. ಕಾಯುವುದಕ್ಕೆ ಒಳಗೆ ಏನಿತ್ತು? ಚಿಗರಿಗಳು ದೂರ ನಿಂತು ನೋಡುತ್ತಿದ್ದರೆ ಬೇಲಿ ತೆಗೆದು, ಬಂದು ತಿಂದು ಹೋಗಿ, ನಿಮಗೂ ಕಹಿ ಹತ್ತಲಿ ಎನ್ನೋಣ ಅನ್ನಿಸುತ್ತಿತ್ತು.

ಪಂಚಮಿ ಕಳೆದು ಒಂದು ತಿಂಗಳಾಗಿರಬೇಕು. ಆ ದಿನ ಬಾವಿಯ ದಾರಿಯಲ್ಲಿ ಮುಳ್ಳು ಹಾಕಿದ್ದರೆಂದು ಕೂಲಿಯ ಹೆಂಗಸಿನ ಗುಡಿಸಲನ್ನು ಬಳಸಿ, ಹಿಂದುಗಡೆಯಿಂದ ಬರುತ್ತಿದ್ದೆ. ತಲೆಯ ಮೇಲೆ ತುಂಬಿದ ಕೊಡ. ಕಣ್ಣೆತ್ತಿದೆ. ಸೂರಿನ ಹಿಂಬದಿಗೆ, ನಮ್ಮ ಹಿತ್ತಲಿಗೆ ಕಾಣದ ಕಡೆ, ಬಳ್ಳಿ ಹಬ್ಬಿತ್ತು. ಎಲೆಯ ನಡುವೆ ತಿಳಿಹಸಿರು ಕಾಯಿ, ಬಿಳಿ ಗೀರು. ಎರಡು ಕಾಯಿ ಬಲಿಯಲು ಬಿಟ್ಟಿದ್ದಳು. ಒಂದರ ತೊಟ್ಟಿಗೆ ಚೂರು ಸಣಬು ಸುತ್ತಿತ್ತು. ಇನ್ನೊಂದರ ತೊಟ್ಟಿಗೆ ಹಸಿರು ಚಿಂದಿ, ಅಂಚಿನಲ್ಲಿ ಕೆಂಪು ಎಳೆ.

ಕೊಡ ಹೇಗೆ ಕೆಳಗಿಟ್ಟೆನೋ ಗೊತ್ತಿಲ್ಲ, ಅರ್ಧ ನೀರು ನನ್ನ ಮೈಮೇಲೆ ಚೆಲ್ಲಿತು.

"ಕಳ್ಳಿ! ಹೊರಗ ಬಾ! ನಾ ಇರಲಾರದಾಗ ಹಿತ್ತಲಕ್ಕ ಹೊಕ್ಕು ನನ್ನ ಬೀಜ ಕದ್ದಿಯಲ್ಲ!" ಎಂದು ಅರಚಿದೆ. ಇನ್ನೂ ಏನೇನೋ ಅಂದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನನ್ನು ಪೂರ್ತಿ ಕೂಗಲು ಬಿಟ್ಟಳು. ನನ್ನ ಉಸಿರು ಮುಗಿದ ಮೇಲೆ ಮಾತಾಡಿದಳು.

"ನಿಮ್ಮ ಹಿತ್ತಲದಾಗ ನಾ ಕಾಲಿಟ್ಟಿಲ್ಲರಿ. ಬೇಲಿ ಆಚಿ ಮುಳ್ಳಾಗ ಬಿದ್ದಿತ್ತು, ಚಿಗರಿ ಅರ್ಧ ತಿಂದದ್ದು. ನೀವು ಒಗದದ್ದು ನಾ ನೋಡೀನಿ. ಎಂಜಲ ಬೀಜ ಬಿತ್ತಬಾರದು ಅಂತಾರ. ನಮ್ಮಂಥೋರಿಗೆ ಎಂಜಲ ಆದ್ರೇನು, ಹುಟ್ಟತೈತೇನ ನೋಡೋಣ ಅಂತ ಊರಿದೆ. ಹುಟ್ಟಿತು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಮೂರು ಸಲ ಕೇಳಿದೆ. ನೀವು ಕೊಡಲಿಲ್ಲ, ಚಿಗರಿ ಕೊಟ್ಟಿತು."

ಆಕೆ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಸೂರಿನ ಕಡೆ ನೋಡಿದಳು.

"ನಿಮ್ಮ ಗ್ವಾಡಿ ಮ್ಯಾಲಿನ ಕುಳ್ಳು ಸುಟ್ಟದ್ದು ನನಗ ಗೊತ್ತೈತಿ. ನಿಮ್ಮತ್ತಿಯವರು ನಮ್ಮ ಮನಿಗೆ ಬಂದು ಅತ್ತು ಹೋಗ್ಯಾರ, ಎಲ್ಲೆರೆ ಆ ಬೀಜ ಸಿಗತೈತೇನ ಅಂತ ಕೇಳಕೋತ. ಆಗ ಇನ್ನೂ ಮಳಿ ಇಲ್ಲ, ಹುಟ್ಟತೈತೋ ಇಲ್ಲೋ ಅಂತ ಸುಮ್ಮನಿದ್ದೆ. ಈಗ ಎರಡು ಕಾಯಿ ಬೀಜಕ್ಕ ಬಿಟ್ಟೀನಿ. ಸಣಬು ಕಟ್ಟಿದ್ದು ನನ್ನದು. ನಿಮ್ಮ ಸೀರಿ ಚಿಂದಿ ಕಟ್ಟಿದ್ದು ನಿಮಗಂತ ಬಿಟ್ಟದ್ದು. ಹಣ್ಣಾದ ಮ್ಯಾಲ ತಂದು ಕೊಡೋಣ ಅಂತ ಇದ್ದೆ. ಅಷ್ಟರಾಗ ನೀವು ಕಳ್ಳಿ ಅಂದ್ರಿ."

ದಾರಿಯಲ್ಲಿ ನಿಂತಿದ್ದ ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು. ನಾನು ಕೊಡ ಎತ್ತಿಕೊಂಡು ಮನೆಗೆ ಬಂದೆ. ತಪ್ಪಾಯಿತು ಅನ್ನುವ ಒಂದು ಮಾತು ನಾಲಗೆಯ ತುದಿಗೆ ಬಂದದ್ದು ಹೊರಗೆ ಬರಲಿಲ್ಲ. ಚಿಗರಿಯ ಮೇಲೆ, ಸಾಹೇಬರ ಗಾಲಿಯ ಮೇಲೆ, ಗಂಡನ ಮೇಲೆ, ಅತ್ತೆಯ ಮಂಜುಗಣ್ಣಿನ ಮೇಲೆ ಒಂದು ವರ್ಷ ಸಿಟ್ಟು ಹೊತ್ತು ತಿರುಗಿದ್ದೆ. ಅದನ್ನು ಇಳಿಸುವ ಜಾಗ ನನ್ನ ಹತ್ತಿರವೇ ಇತ್ತು ಎಂದು ತಿಳಿದಾಗ ಆದ ಉರಿಯನ್ನು ಯಾರಿಗೆ ಹೇಳುವುದು? ನಾಲ್ಕು ಬೀಜ ಕೊಟ್ಟಿದ್ದರೆ ಒಂದು ಕುಳ್ಳು ಸುಟ್ಟರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಅಂದು ಒಲೆಯ ಮುಂದೆ ಅತ್ತೆಯ ತಟ್ಟೆಗೆ ರೊಟ್ಟಿ ಹಾಕುವಾಗ, "ಬಿಸಿ ಐತಿ, ಸಾವಕಾಶ ತಿನ್ರಿ" ಎಂದೆ. ಅವಳು ತಲೆಯೆತ್ತಿ ನೋಡಿದಳು, ತಿಂದಳು.

ಕಾಯಿ ಹಣ್ಣಾಗಲು ಇನ್ನೂ ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನವೂ ನಾನು ಬೇಕೆಂದೇ ಬಾವಿಗೆ ಬೇರೆ ದಾರಿಯಿಂದ ಹೋದೆ. ಒಂದು ಸಂಜೆ ಆಕೆ ನಮ್ಮ ಹಿಂಬಾಗಿಲಿಗೆ ಬಂದಳು. ಕೈಯಲ್ಲಿ ಅಂಗೈ ಅಗಲದ ಒಣ ಕುಳ್ಳು, ಅದರ ಮೇಲೆ ಹಸಿರು ಚಿಂದಿ ಮಡಿಸಿ ಇಟ್ಟಿದ್ದಳು. ನಾನು ಕೈ ಚಾಚಿದೆ.

"ಬೀಜ ಕೈಯಾಗ ಇಸಕೋಬಾರದರಿ. ಉಡಿ ಒಡ್ಡ್ರಿ" ಎಂದಳು.

ಒಡ್ಡಿದೆ. ಹಾಕಿದಳು. ಬೇಲಿಯ ಕಡೆ ಒಮ್ಮೆ ನೋಡಿ, ಮೂಲೆಯಲ್ಲಿ ಮುಳ್ಳು ಸಡಿಲಾಗಿದೆ, ನಾಳೆ ಬಂದು ಬಿಗಿಯುತ್ತೇನೆ ಎಂದು ಹೇಳಿ ಹೋದಳು. ಒಂದು ಕೊಂಕು ಮಾತಿಲ್ಲ, ಒಂದು ಬೈಗಳಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅದಕ್ಕೂ ಆಸ್ಪದ ಕೊಡಲಿಲ್ಲವಲ್ಲ ಎಂದು ಆಕೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.